ಕಡಲೊಳಗಿನ ಕೈದೀಪ: ಮಿತವಾದ ಬೆಲೆಯಲ್ಲಿ ಆರಿಸಿಕೊಳ್ಳುವ ಬಗೆ

ಕಾಸಿಗೆ ತಕ್ಕ ಕಜ್ಜಾಯವೆಂಬ ಗಾದೆಯು ಎಲ್ಲ ವಸ್ತುಗಳಿಗೂ ಸಮನಾಗಿ ಸಲ್ಲುವುದಿಲ್ಲ. ಕೆಲವು ವಸ್ತುಗಳಲ್ಲಿ ಹೆಚ್ಚು ಬೆಲೆ ತೆತ್ತವನಿಗೆ ಹೆಚ್ಚಿನ ಪ್ರಯೋಜನವೇನೂ ದೊರೆಯುವುದಿಲ್ಲ; ಮತ್ತೆ ಕೆಲವುಗಳಲ್ಲಿ ನಾಲ್ಕು ಕಾಸು ಉಳಿಸಹೋದವನು ವಸ್ತುವನ್ನೂ ಕಳೆದುಕೊಂಡು, ಅದನ್ನು ನಂಬಿ ಹಿಡಿದ ಕಾರ್ಯವನ್ನೂ ಕೆಡಿಸಿಕೊಳ್ಳುವನು. ಸಮುದ್ರದೊಳಗೆ ಮುಳುಗುವವರು ಹಿಡಿಯುವ ಕೈದೀಪವು ಈ ಎರಡು ಜಾತಿಗೂ ಸೇರಿದ ವಸ್ತುವಾಗಿದೆ. ಅದರಲ್ಲಿ ಹಣವನ್ನು ನಿಶ್ಚಿಂತೆಯಾಗಿ ಉಳಿಸಬಹುದಾದ ಅಂಗಗಳೂ ಇವೆ. ಒಂದು ಕಾಸನ್ನೂ ಉಳಿಸಕೂಡದ ಅಂಗಗಳೂ ಇವೆ. ಯಾವುದು ಯಾವುದೆಂಬುದನ್ನು ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಉಸಿರಾಡುವ ಗಾಳಿಯನ್ನು ಸಿಲಿಂಡರಿನಲ್ಲಿ ತುಂಬಿ ಬೆನ್ನಮೇಲೆ ಹೊತ್ತು, ಮೀನಿನಂತೆ ಸ್ವೇಚ್ಛೆಯಾಗಿ ನೀರಿನೊಳಗೆ ಸಂಚರಿಸುವ ವಿದ್ಯೆಗೆ ಸ್ಕೂಬಾ ಎಂದು ಹೆಸರು. ಇಂದು ಬಳಕೆಯಲ್ಲಿರುವ ಉಪಕರಣಕ್ಕೆ ತಳಹದಿಯಾದ ಯಂತ್ರವನ್ನು ೧೯೪೩ರಲ್ಲಿ ಫ್ರಾನ್ಸ್ ದೇಶದ ನೌಕಾಧಿಕಾರಿ ಝಾಕ್ ಕೂಸ್ತೋ ಮತ್ತು ಇಂಜಿನಿಯರ್ ಎಮೀಲ್ ಗಾನ್ಯಾನ್ ಎಂಬಿಬ್ಬರು ಸಿದ್ಧಪಡಿಸಿದರು. ಈಗ ಈ ವಿದ್ಯೆಯು ನಮ್ಮ ಬಾಗಿಲಿಗೇ ಬಂದಿದೆ. ಉತ್ತರ ಕನ್ನಡದ ಮುರ್ಡೇಶ್ವರದಿಂದ ಸುಮಾರು ೧೯ ಕಿಲೋಮೀಟರು ದೂರದಲ್ಲಿ ಕಡಲ ನಡುವೆ ನಿಂತಿರುವ ನೇತ್ರಾಣಿ ದ್ವೀಪದ ಸುತ್ತ, ಮಳೆಗಾಲ ಕಳೆದ ಮೇಲೆ ಪ್ರತಿವರ್ಷವೂ ಅನೇಕರು ಮುಳುಗಿ ಬರುತ್ತಾರೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಹೋದ ತರುಣ ತರುಣಿಯರು ಒಂದು ಬಾರಿ ಆ ಲೋಕವನ್ನು ಕಂಡುಬಂದ ಮೇಲೆ ಕ್ರಮವಾಗಿ ಶಿಕ್ಷಣ ಪಡೆಯಲು ಅಪೇಕ್ಷಿಸುವುದು ಸಹಜ. ಶಿಕ್ಷಣದ ಹಿಂದೆಯೇ ಉಪಕರಣಗಳ ಪಟ್ಟಿಯೂ ಬರುವುದು. ಮಗನಾಗಲಿ ಮಗಳಾಗಲಿ ಆ ಪಟ್ಟಿಯನ್ನು ಮುಂದಿಟ್ಟಾಗ, ಅದರಲ್ಲಿರುವ ದೀಪಕ್ಕೆ ಎಷ್ಟು ಹಣ ಕೊಡುವುದು ನ್ಯಾಯವೆಂಬುದನ್ನು ಮನೆಯ ಯಜಮಾನರೂ ಯಜಮಾನಿಯರೂ ಅರಿತಿರುವುದು ಒಳ್ಳೆಯದು.

ದೀಪವು ಬೇಕೇ ಬೇಡವೇ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಶಿಕ್ಷಕನ ಕೈಹಿಡಿದು ಹಗಲು ಹೊತ್ತಿನಲ್ಲಿ ಒಂದೆರಡು ಬಾರಿ ಮುಳುಗಿ ಬರುವವರಿಗೆ ದೀಪದ ಅಗತ್ಯವೇ ಇಲ್ಲ. ಅವರ ಕೈಯಲ್ಲಿ ಒಂದು ವಸ್ತು ಹೆಚ್ಚಾದಷ್ಟೂ ಅವರ ಗಮನವು ಚದರುವುದು. ವರ್ಷಕ್ಕೊಮ್ಮೆ ಮಾತ್ರ ರಾತ್ರಿಯ ಮುಳುಗಿಗೆ ಹೋಗುವವರು ಶಿಕ್ಷಣ ಕೊಡುವ ಸಂಸ್ಥೆಯಿಂದ ದೀಪವನ್ನು ಬಾಡಿಗೆಗೆ ಪಡೆಯಬಹುದೇ ಎಂದು ವಿಚಾರಿಸುವುದು ಲೇಸು. ಸ್ವಂತ ದೀಪವನ್ನು ಕೊಳ್ಳತಕ್ಕವರು ಯಾರೆಂದರೆ, ಶಿಕ್ಷಣ ಮುಗಿಸಿ ಪದೇ ಪದೇ ಮುಳುಗುವವರು. ಬಂಡೆಗಳ ಬಿರುಕುಗಳಲ್ಲಿ ಅಡಗಿರುವ ಸಿಗಡಿಯನ್ನೋ ಹಾವುಮೀನನ್ನೋ ನೋಡಬಯಸುವವರು. ರಾತ್ರಿಯಲ್ಲಿ ಇಲ್ಲವೆ ಕದಡಿದ ನೀರಿನಲ್ಲಿ ಇಳಿಯುವವರು.

ನೀರಿನಲ್ಲಿ ಬೆಳಕಿನ ಗತಿ

ನೀರು ಬೆಳಕನ್ನು ನುಂಗುವ ವಸ್ತು. ಆದರೆ ಎಲ್ಲ ಬಣ್ಣಗಳನ್ನೂ ಒಂದೇ ಸಮನಾಗಿ ನುಂಗುವುದಿಲ್ಲ. ಮೇಲಿನಿಂದ ೫ ಮೀಟರು ಇಳಿಯುವಷ್ಟರಲ್ಲಿಯೇ ಕೆಂಪು ಬಹುಮಟ್ಟಿಗೆ ಮಾಸಿಹೋಗುವುದು. ಅದರ ಬೆನ್ನಿಗೆ ಕಿತ್ತಿಳೆ, ಆಮೇಲೆ ಹಳದಿ ಹೀಗೆ ಒಂದೊಂದಾಗಿ ಬಣ್ಣಗಳು ಅಳಿದು, ಕಡೆಗೆ ನೀಲಿಯೊಂದೇ ಉಳಿಯುವುದು. ೨೦ ಮೀಟರು ಆಳದಲ್ಲಿ ಕೈ ತರಚಿ ರಕ್ತ ಬಂದರೆ ಅದು ಕೆಂಪಾಗಿ ಕಾಣದೆ ಹಸುರು ಕಪ್ಪಾಗಿ ಕಾಣುವುದು. ಅದೇ ಸ್ಥಳದಲ್ಲಿ ಒಂದು ಬಿಳಿಯ ದೀಪವನ್ನು ಹತ್ತಿಸಿದರೆ, ಬೂದಿಬಣ್ಣವಾಗಿ ಕಂಡಿದ್ದ ಬಂಡೆಯ ಮೇಲೆ ಕುಂಕುಮ ಚೆಲ್ಲಿದಂತೆ ಹವಳವೂ ಸ್ಪಂಜೂ ಬೆಳಗುವುವು. ಹಗಲಿನಲ್ಲಿಯೂ ದೀಪವನ್ನು ಒಯ್ಯುವವರು ಈ ಸೊಬಗಿಗಾಗಿಯೇ ಒಯ್ಯುವರು.

ಇಲ್ಲಿ ಒಂದು ಸೂಕ್ಷ್ಮವಿದೆ. ದೀಪದ ಬೆಳಕು ವಸ್ತುವಿನ ತನಕ ಹೋಗಿ, ಅಲ್ಲಿಂದ ಮತ್ತೆ ನಮ್ಮ ಕಣ್ಣಿಗೆ ಮರಳಬೇಕಷ್ಟೆ. ೩ ಮೀಟರು ದೂರದ ವಸ್ತುವಿಗೆ ಹಾಯಿಸಿದ ಬೆಳಕು ಒಟ್ಟು ೬ ಮೀಟರು ನೀರನ್ನು ದಾಟುವುದು. ಅಷ್ಟರಲ್ಲಿ ಅದರ ಕೆಂಪು ಬಣ್ಣವು ಪುನಃ ಕಳೆದುಹೋಗುವುದು. ಆದುದರಿಂದ ಬಣ್ಣವನ್ನು ನೋಡಬೇಕಾದರೆ ಹತ್ತಿರಕ್ಕೆ ಹೋಗಬೇಕೇ ಹೊರತು, ದೀಪವನ್ನು ದೊಡ್ಡದು ಮಾಡಿ ಪ್ರಯೋಜನವಿಲ್ಲ. ಒಂದೆರಡು ಮಾರು ದೂರಕ್ಕೆ ಚಿಕ್ಕ ದೀಪವೇ ಸಾಕು. ಹಣ ಉಳಿಸುವ ಮೊದಲನೆಯ ದಾರಿ ಇದು.

ಲ್ಯುಮೆನ್ ಎಂಬ ಅಂಕೆ

ದೀಪದ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿರುವುದು ಲ್ಯುಮೆನ್ ಎಂಬ ಅಳತೆ. ದೀಪವು ಎಲ್ಲ ದಿಕ್ಕಿಗೂ ಕೂಡಿ ಚೆಲ್ಲುವ ಬೆಳಕಿನ ಮೊತ್ತಕ್ಕೆ ಈ ಹೆಸರು. ಕೊಳ್ಳುವವರೆಲ್ಲರೂ ಈ ಅಂಕೆಯನ್ನೇ ನೋಡುವರಾದ ಕಾರಣ, ಮಾರುವವರೂ ಇದನ್ನೇ ಹಿಗ್ಗಿಸುವರು. ಹೆಸರೇ ಕೇಳದ ಅಗ್ಗದ ದೀಪಗಳ ಮೇಲೆ ಹತ್ತಾರು ಸಾವಿರ ಲ್ಯುಮೆನ್ ಎಂದು ಬರೆದಿರುವುದನ್ನು ಕಂಡರೆ, ಅದನ್ನು ಜಾತ್ರೆಯ ಅಂಗಡಿಯ ಕೂಗೆಂದು ತಿಳಿಯಬಹುದು.

ಬೆಳಕು ಇಂದು ಅಗ್ಗವಾಗಿರುವುದು ನಿಜ. ಹಿಂದೆ ಹ್ಯಾಲೊಜನ್ ಬಲ್ಬುಗಳ ಕಾಲದಲ್ಲಿ ಒಂದು ಗಂಟೆಯ ಬೆಳಕಿಗಾಗಿ ಭಾರವಾದ ಬ್ಯಾಟರಿಗಳನ್ನು ಹೊರಬೇಕಾಗಿತ್ತು. ೧೯೯೦ರ ದಶಕದಲ್ಲಿ ನೀಲಿಯ ಎಲ್.ಇ.ಡಿ. ದೀಪವು ಸಿದ್ಧಿಸಿ, ಅದರಿಂದ ಬಿಳಿಯ ಬೆಳಕನ್ನು ಪಡೆಯುವ ಮಾರ್ಗವು ತೆರೆಯಿತು. ಆ ನೀಲಿಯ ದೀಪಕ್ಕಾಗಿ ಅಕಸಾಕಿ, ಅಮಾನೋ, ನಾಕಮುರಾ ಎಂಬ ಮೂವರು ವಿಜ್ಞಾನಿಗಳಿಗೆ ೨೦೧೪ರಲ್ಲಿ ನೊಬೆಲ್ ಬಹುಮಾನವು ಸಂದಿತು. ಅದರ ಫಲವಾಗಿ ಇಂದು ಹೆಬ್ಬೆರಳಿಗಿಂತ ತುಸು ದಪ್ಪನಾದ ಒಂದೇ ಸೆಲ್ಲಿನಿಂದ ೧೦೦೦ ಲ್ಯುಮೆನ್ ಬೆಳಕನ್ನು ಪಡೆಯಬಹುದಾಗಿದೆ.

ಹಗಲಿನಲ್ಲಿ ಬಂಡೆಯ ಸಂದುಗಳನ್ನು ನೋಡುವುದಕ್ಕೆ ೩೦೦ರಿಂದ ೫೦೦ ಲ್ಯುಮೆನ್ ಧಾರಾಳವಾಗಿ ಸಾಕು. ರಾತ್ರಿಯ ಮುಳುಗಿಗೆ ೭೦೦ರಿಂದ ೧೦೦೦ ಇದ್ದರೆ ಯಾವ ಕೊರತೆಯೂ ಇಲ್ಲ. ಇದಕ್ಕಿಂತ ಹೆಚ್ಚಿನದು ಬಹುಮಟ್ಟಿಗೆ ಚಲನಚಿತ್ರ ತೆಗೆಯುವವರಿಗೆ ಬೇಕಾದುದು. ನಮ್ಮ ಕಣ್ಣಾದರೂ ಬೆಳಕು ಎರಡರಷ್ಟಾದರೆ ಎರಡರಷ್ಟಾಯಿತೆಂದು ಕಾಣುವುದಿಲ್ಲ. ಸ್ವಲ್ಪ ಹೆಚ್ಚಾಯಿತೆಂದಷ್ಟೇ ಕಾಣುವುದು. ಹೀಗಿರುವಾಗ ೧೦೦೦ವನ್ನು ಬಿಟ್ಟು ೨೦೦೦ಕ್ಕೆ ಬಹಳ ಹಣ ತೆರುವುದು ವ್ಯರ್ಥ.

ಮೊತ್ತಕ್ಕಿಂತ ಮುಖ್ಯವಾದುದು ಬೆಳಕಿನ ಹರವು. ಆಗುಂಬೆಯ ಘಾಟಿಯಲ್ಲಿ ಮಂಜು ಕವಿದಾಗ ಮೋಟಾರಿನ ದೊಡ್ಡ ದೀಪವನ್ನು ಹತ್ತಿಸಿದರೆ ಎದುರಿಗೆ ಬಿಳಿಯ ಗೋಡೆಯಲ್ಲದೆ ಮತ್ತೇನೂ ಕಾಣುವುದಿಲ್ಲವಷ್ಟೆ. ಕದಡಿದ ನೀರಿನಲ್ಲಿಯೂ ಹಾಗೆಯೇ. ಅಗಲವಾಗಿ ಹರಡುವ ಬೆಳಕು ನೀರಿನ ಕಣಕಣಕ್ಕೂ ತಗಲಿ ಕಣ್ಣಿಗೆ ಹಿಂದಿರುಗುವುದು; ಬಿಗಿಯಾದ ಕೋಲಿನಂತಹ ಬೆಳಕು ಮಾತ್ರ ನಡುವೆ ನುಗ್ಗಿ ಹೋಗುವುದು. ಇಂತಹ ಕೋಲಿನ ಬೆಳಕನ್ನು ಜೊತೆಗಾರನು ದೂರದಿಂದಲೂ ಗುರುತಿಸಬಲ್ಲನು. ಆದುದರಿಂದ ಮೊದಲನೆಯ ದೀಪವನ್ನು ಕೊಳ್ಳುವವರು ೧೦ ಡಿಗ್ರಿಯ ಆಸುಪಾಸಿನ ಕಿರಿದಾದ ಹರವಿನದನ್ನೇ ಆರಿಸತಕ್ಕದ್ದು. ೧೦೦ ಡಿಗ್ರಿಯಷ್ಟು ಹರಡುವ ದೀಪಗಳು ಚಿತ್ರ ತೆಗೆಯುವವರಿಗೆ ಮೀಸಲು.

ಇನ್ನು ದೀಪವು ಎಷ್ಟು ಹೊತ್ತು ಉರಿಯುವುದೆಂಬ ವಿಚಾರ. ೨೦೦೯ರಲ್ಲಿ ಅಮೆರಿಕೆಯಲ್ಲಿ ಕೈದೀಪಗಳಿಗಾಗಿ ಎಫ್.ಎಲ್. ೧ ಎಂಬ ಪ್ರಮಾಣವೊಂದು ಏರ್ಪಟ್ಟಿತು. ಆ ಪ್ರಮಾಣದಂತೆ, ಬೆಳಕು ಮೊದಲಿದ್ದುದರ ನೂರಕ್ಕೆ ೧೦ ಪಾಲಿಗೆ ಇಳಿಯುವ ತನಕವೂ ದೀಪವು ಉರಿಯುತ್ತಿದೆಯೆಂದೇ ಲೆಕ್ಕ. ಎಂದರೆ ಪೆಟ್ಟಿಗೆಯ ಮೇಲೆ ೨ ಗಂಟೆಯೆಂದು ಬರೆದಿದ್ದರೆ, ಅದರಲ್ಲಿ ಕೆಲವು ಭಾಗವು ಮಿಣುಕು ಬೆಳಕಾಗಿಯೂ ಇರಬಹುದು. ಒಂದು ಮುಳುಗಿಗೆ ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುವುದರಿಂದ, ಕುಂದದ ಬೆಳಕು ಒಂದೂವರೆ ಗಂಟೆಯಾದರೂ ನಿಲ್ಲುವಂತಹ ದೀಪವನ್ನು ನೋಡಬೇಕು. ಬೆಳಕಿನ ಪ್ರಮಾಣವನ್ನು ಇಳಿಸಿ ಏರಿಸುವ ಏರ್ಪಾಡಿದ್ದರೆ ಇನ್ನೂ ಅನುಕೂಲ.

ಒಂದು ಕಾಸನ್ನೂ ಉಳಿಸಕೂಡದ ಅಂಗ

ಬೆಳಕು ಅಗ್ಗವಾಯಿತು, ಆದರೆ ನೀರನ್ನು ಹೊರಗೆ ನಿಲ್ಲಿಸುವ ಕೆಲಸವು ಅಗ್ಗವಾಗಲಿಲ್ಲ. ಸಮುದ್ರದಲ್ಲಿ ಪ್ರತಿ ೧೦ ಮೀಟರು ಆಳಕ್ಕೂ ಒಂದು ವಾಯುಮಂಡಲದಷ್ಟು ಒತ್ತಡವು ಏರುತ್ತ ಹೋಗುವುದು. ೩೦ ಮೀಟರು ಆಳದಲ್ಲಿ, ೪ ಸೆಂಟಿಮೀಟರು ಅಡ್ಡಳತೆಯ ದೀಪದ ಗಾಜಿನ ಮೇಲೆ ಸುಮಾರು ೩೮ ಕಿಲೋಗ್ರಾಂ ತೂಕ ಹೇರಿದಷ್ಟು ಭಾರ ಬೀಳುವುದು. ಇಷ್ಟು ಭಾರವನ್ನು ತಡೆದು, ಒಂದು ಹನಿಯನ್ನೂ ಒಳಗೆ ಬಿಡದಿರುವುದು ರಬ್ಬರಿನ ಒಂದು ಸಣ್ಣ ಬಳೆ. ಇದಕ್ಕೆ 'ಓ' ರಿಂಗು ಎಂದು ಹೆಸರು. ಒಳ್ಳೆಯ ದೀಪಗಳಲ್ಲಿ ಒಂದರ ಹಿಂದೆ ಒಂದರಂತೆ ಎರಡು ಬಳೆಗಳಿರುವುವು. ಒಂದು ಸೋತರೆ ಇನ್ನೊಂದು ಕಾಯುವುದು. ಕೊಳ್ಳುವಾಗ ಮುಚ್ಚಳವನ್ನು ತೆಗೆದು ಎಣಿಸಿ ನೋಡಬೇಕು. ಜೊತೆಗೆ ಬಿಡಿ ಬಳೆಗಳನ್ನೂ ಕೊಡುವರೇ ಎಂದು ಕೇಳಬೇಕು.

ನೀರು ಹೋಗದ ದೀಪವೆಂದು ಅಂಗಡಿಯವನು ಹೇಳಿದ ಮಾತ್ರಕ್ಕೆ ಸಾಲದು. ಐ.ಪಿ.ಎಕ್ಸ್. ೭ ಎಂಬ ಗುರುತಿದ್ದರೆ, ಅದು ೧ ಮೀಟರು ನೀರಿನಲ್ಲಿ ೩೦ ನಿಮಿಷ ತಡೆಯಬಲ್ಲುದೆಂದಷ್ಟೇ ಅರ್ಥ. ೮ ಎಂಬ ಗುರುತಾದರೂ, ಅದಕ್ಕಿಂತ ಕಠಿಣವಾದ ಪರೀಕ್ಷೆಯೊಂದು ನಡೆದಿದೆಯೆಂದು ಹೇಳುವುದೇ ಹೊರತು, ಎಷ್ಟು ಆಳವೆಂಬುದನ್ನು ತಯಾರಕನೇ ಬೇರೆ ಹೇಳಬೇಕಾಗುವುದು. ಮಳೆಗೆ ತಡೆಯುವ ದೀಪ, ಬಚ್ಚಲಿಗೆ ತಡೆಯುವ ಟೆಲಿಫೋನು, ಇವು ಕಡಲಿಗೆ ಸಲ್ಲವು. ಆಳವನ್ನು ಮೀಟರುಗಳಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ವಿನೋದಕ್ಕಾಗಿ ಮುಳುಗುವವರಿಗೆ ೪೦ ಮೀಟರೇ ಕಟ್ಟಕಡೆಯ ಮೇರೆಯಾದರೂ, ೧೦೦ ಮೀಟರು ತಡೆಯುವುದೆಂದು ಹೇಳಿರುವ ದೀಪವನ್ನೇ ತೆಗೆದುಕೊಳ್ಳುವುದು ವಿವೇಕ.

ಗುಂಡಿಯ ರಚನೆಯನ್ನೂ ಗಮನಿಸಬೇಕು. ತಲೆಯನ್ನು ತಿರುಗಿಸಿ ಹತ್ತಿಸುವ ದೀಪವು ಸರಳ, ಅಗ್ಗ. ಆದರೆ ನೀರೊಳಗೆ ಆರಿಸಹೋಗಿ ಹೆಚ್ಚಾಗಿ ತಿರುಗಿಸಿದರೆ ಮುಚ್ಚಳವೇ ಸಡಿಲವಾಗುವ ಭಯವುಂಟು. ಒತ್ತುವ ಗುಂಡಿಯಿದ್ದರೆ ದೀಪದ ಮೈಯಲ್ಲಿ ಒಂದು ರಂಧ್ರ ಹೆಚ್ಚಾದಂತೆಯೇ ಸರಿ. ಅಯಸ್ಕಾಂತದ ಬಲದಿಂದ ಹೊರಗಿನಿಂದಲೇ ಕೆಲಸ ಮಾಡುವ ಗುಂಡಿಗೆ ರಂಧ್ರವೇ ಬೇಡ. ಮಿತವಾದ ಬೆಲೆಯ ದೀಪಗಳಲ್ಲಿಯೂ ಇದು ಈಗ ದೊರೆಯುವುದು. ಆದರೆ ಅಂತಹ ದೀಪವನ್ನು ದಿಕ್ಸೂಚಿಯ ಹತ್ತಿರ ಹಿಡಿಯಬಾರದು. ಸೂಜಿಯು ದಿಕ್ಕು ತಪ್ಪುವುದು.

ಬ್ಯಾಟರಿಯ ವಿಚಾರ

ಸಾಮಾನ್ಯವಾಗಿ ದೊರೆಯುವ ದೀಪಗಳಲ್ಲಿ ಎರಡು ಜಾತಿ. ಗಡಿಯಾರ, ರೇಡಿಯೋಗಳಿಗೆ ಹಾಕುವ ಡಬಲ್ ಎ ಸೆಲ್ಲುಗಳಿಂದ ಉರಿಯುವುದು ಒಂದು. ಇದರ ಬೆಳಕು ಕಡಮೆ. ಆದರೆ ಸೆಲ್ಲುಗಳು ಯಾವ ಊರಿನ ಕಿರಾಣಿ ಅಂಗಡಿಯಲ್ಲಿಯೂ ದೊರೆಯುವುವು. ಎರಡನೆಯದು ಲಿಥಿಯಮ್ ಸೆಲ್ಲಿನದು. ಅದರಲ್ಲಿ ೧೮೬೫೦ ಎಂಬುದು ಬಹಳ ಪ್ರಚಾರದಲ್ಲಿದೆ: ೧೮ ಮಿಲಿಮೀಟರು ದಪ್ಪ, ೬೫ ಮಿಲಿಮೀಟರು ಉದ್ದವೆಂಬುದನ್ನು ಆ ಅಂಕೆಯೇ ಸೂಚಿಸುವುದು. ಮತ್ತೆ ಮತ್ತೆ ಚಾರ್ಜು ಮಾಡಬಹುದಾದ್ದರಿಂದ ಪದೇ ಪದೇ ಮುಳುಗುವವರಿಗೆ ಇದೇ ಮಿತವ್ಯಯ.

ಇಲ್ಲಿಯೂ ಮೋಸವುಂಟು. ಈ ಅಳತೆಯ ಒಳ್ಳೆಯ ಸೆಲ್ಲು ಸುಮಾರು ೩,೫೦೦ ಮಿಲಿ ಆಂಪಿಯರ್ ಗಂಟೆಯಷ್ಟು ವಿದ್ಯುತ್ತನ್ನು ಹಿಡಿಯಬಲ್ಲುದು. ಅದೇ ಗಾತ್ರದ ಸೆಲ್ಲಿನ ಮೇಲೆ ೯,೯೦೦ ಎಂದು ಬರೆದಿದ್ದರೆ ಅದು ಶುದ್ಧ ಸುಳ್ಳು. ಸುಳ್ಳು ಬರೆದವನು ಒಳಗೆ ಸುರಕ್ಷತೆಯ ಏರ್ಪಾಡನ್ನು ಮಾಡಿರುವನೆಂದು ನಂಬುವುದು ಹೇಗೆ? ದೀಪದೊಡನೆ ಬಂದ ಸೆಲ್ಲನ್ನೋ, ಹೆಸರುವಾಸಿಯಾದ ತಯಾರಕರದನ್ನೋ ಮಾತ್ರ ಬಳಸತಕ್ಕದ್ದು. ಸೆಲ್ಲನ್ನು ಹೊರತೆಗೆಯಲಾಗದ ದೀಪವನ್ನು ಕೊಳ್ಳದಿರುವುದು ಮೇಲು. ಸೆಲ್ಲಿನ ಆಯುಸ್ಸು ತೀರಿದ ದಿನವೇ ಅಂತಹ ದೀಪದ ಆಯುಸ್ಸೂ ತೀರುವುದು.

ಮನೆಯವರೆಲ್ಲರೂ ಅರಿತಿರಬೇಕಾದ ಎಚ್ಚರಿಕೆಯೊಂದಿದೆ. ೨೦೧೯ನೆಯ ಸಪ್ಟೆಂಬರ್ ೨ರಂದು ಅಮೆರಿಕೆಯ ಕ್ಯಾಲಿಫೋರ್ನಿಯ ತೀರದಲ್ಲಿ, ಮುಳುಗುವವರನ್ನು ಕರೆದೊಯ್ದಿದ್ದ ಕನ್ಸೆಪ್ಷನ್ ಎಂಬ ದೋಣಿಯು ನಸುಕಿನಲ್ಲಿ ಬೆಂಕಿಗೆ ಆಹುತಿಯಾಯಿತು. ಕೆಳಗಿನ ಅಂತಸ್ತಿನಲ್ಲಿ ಮಲಗಿದ್ದ ೩೪ ಜನರು ಮಡಿದರು. ದೋಣಿಯು ಉರಿದು ಮುಳುಗಿದುದರಿಂದ ಬೆಂಕಿಯ ಮೂಲವು ಖಚಿತವಾಗಿ ತಿಳಿಯಲಿಲ್ಲ. ಆದರೆ ಬೆಂಕಿ ಕಾಣಿಸಿಕೊಂಡ ಅಂತಸ್ತಿನಲ್ಲಿ ಅನೇಕ ಬ್ಯಾಟರಿಗಳು ಚಾರ್ಜಿಗೆ ಹಾಕಲ್ಪಟ್ಟಿದ್ದುವು. ರಾತ್ರಿ ಸುತ್ತಿ ನೋಡುವ ಕಾವಲುಗಾರನೊಬ್ಬನೂ ಇರಲಿಲ್ಲ. ಲಿಥಿಯಮ್ ಸೆಲ್ಲುಗಳನ್ನು ಎಲ್ಲರೂ ಮಲಗಿರುವಾಗ ಚಾರ್ಜಿಗೆ ಹಾಕಿ ಬಿಡಬಾರದು. ಹಾಸಿಗೆ, ಬಟ್ಟೆಗಳ ಮೇಲಂತೂ ಎಂದಿಗೂ ಇಡಬಾರದು. ತಕ್ಕ ಚಾರ್ಜರನ್ನೇ ಉಪಯೋಗಿಸಿ, ತುಂಬಿದೊಡನೆ ತೆಗೆಯಬೇಕು. ನೀರು ತಗಲಿದ ಸೆಲ್ಲನ್ನು ಪುನಃ ಚಾರ್ಜು ಮಾಡಲೇಬಾರದು. ಅಂಡಮಾನಿಗೋ ಲಕ್ಷದ್ವೀಪಕ್ಕೋ ವಿಮಾನದಲ್ಲಿ ಹೋಗುವವರು ಬಿಡಿ ಸೆಲ್ಲುಗಳನ್ನು ತುದಿ ಮುಚ್ಚಿ ಕೈಚೀಲದಲ್ಲಿಯೇ ಒಯ್ಯಬೇಕು. ಒಪ್ಪಿಸುವ ಪೆಟ್ಟಿಗೆಯಲ್ಲಿ ಇಡಕೂಡದು.

ಒಂಟಿ ದೀಪವನ್ನು ನಂಬಬಾರದು

ಎಷ್ಟು ಒಳ್ಳೆಯ ದೀಪವಾದರೂ ಒಂದಲ್ಲ ಒಂದು ದಿನ ಆರುವುದು. ಹಗಲಿನಲ್ಲಿ ಆರಿದರೆ ಚಿಂತೆಯಿಲ್ಲ. ರಾತ್ರಿಯಲ್ಲಿ ೧೫ ಮೀಟರು ಕೆಳಗೆ ಆರಿದರೆ, ಜೊತೆಗಾರನು ಎಲ್ಲಿ, ಗಾಳಿಯ ಮುಳ್ಳು ಎಷ್ಟರಲ್ಲಿದೆ, ಮೇಲಕ್ಕೆ ಎಷ್ಟು ಬೇಗ ಏರುತ್ತಿದ್ದೇನೆ ಎಂಬುದಾವುದೂ ತಿಳಿಯದು. ಹೆದರಿದವನು ದಡಬಡನೆ ಮೇಲಕ್ಕೆ ನುಗ್ಗುವನು. ಉಸಿರು ಕಟ್ಟಿ ವೇಗವಾಗಿ ಏರಿದರೆ ಶ್ವಾಸಕೋಶವೇ ಹರಿಯುವ ಸಂಭವವುಂಟು. ಆದಕಾರಣ ರಾತ್ರಿಯಲ್ಲಿ ಇಳಿಯುವ ಪ್ರತಿಯೊಬ್ಬರ ಬಳಿಯೂ ಎರಡು ದೀಪಗಳಿರಬೇಕೆಂಬುದು ಬಲ್ಲವರ ನಿಯಮ. ಮುಖ್ಯ ದೀಪವೊಂದು ಕೈಯಲ್ಲಿ. ಚಿಕ್ಕದೊಂದು ಎದೆಯ ಪಟ್ಟಿಯಲ್ಲಿ. ಮುಖ್ಯ ದೀಪ ಆರಿದರೆ ಚಿಕ್ಕದನ್ನು ಹತ್ತಿಸಿ, ಮುಳುಗಿಯನ್ನು ಅಲ್ಲಿಗೇ ಮುಗಿಸಿ ನಿಧಾನವಾಗಿ ಮೇಲೆ ಬರಬೇಕು.

ಇದರಿಂದ ಬೆಲೆಯ ಲೆಕ್ಕವೇ ಬದಲಾಗುವುದು. ಇರುವ ಹಣವನ್ನೆಲ್ಲ ಒಂದು ಭಾರಿ ದೀಪಕ್ಕೆ ಸುರಿಯುವುದಕ್ಕಿಂತ, ಅದೇ ಹಣದಲ್ಲಿ ನಂಬಿಕೆಗೆ ಯೋಗ್ಯವಾದ ಸಾಧಾರಣ ದೀಪಗಳೆರಡನ್ನು ಕೊಳ್ಳುವುದು ಎಷ್ಟೋ ಲೇಸು. ಎರಡಕ್ಕೂ ಒಂದೇ ಬಗೆಯ ಸೆಲ್ಲಿದ್ದರೆ ಚಾರ್ಜರೂ ಒಂದೇ ಸಾಕು. ಇಂತಹ ಸಾಧಾರಣ ದೀಪವು ಕೆಲವು ಸಾವಿರ ರೂಪಾಯಿಗಳೊಳಗೆ ದೊರೆಯುವುದು.

ಗುಹೆಗಳೊಳಗೂ, ಮುಳುಗಿದ ಹಡಗುಗಳೊಳಗೂ ಹೋಗುವವರ ಮಾತೇ ಬೇರೆ. ಅಲ್ಲಿ ನೇರವಾಗಿ ಮೇಲೇಳಲು ದಾರಿಯಿಲ್ಲ. ಗುಹೆಗೆ ಹೋಗುವವರು ಒಬ್ಬೊಬ್ಬರೂ ಮೂರು ದೀಪಗಳಿಗೆ ಕಡಮೆಯಿಲ್ಲದಂತೆ ಒಯ್ಯುವರು. ಪ್ರತ್ಯೇಕವಾದ ಶಿಕ್ಷಣವನ್ನೂ ಪಡೆದಿರುವರು. ಕೈಯಲ್ಲಿ ಒಳ್ಳೆಯ ದೀಪವಿದೆಯೆಂಬ ಧೈರ್ಯದಿಂದ ಕತ್ತಲ ಬಾಯೊಳಗೆ ತಲೆ ತೂರಿಸಬಾರದೆಂದು ಮಕ್ಕಳಿಗೆ ಕಟ್ಟಪ್ಪಣೆ ಮಾಡಿ ಕಳುಹಿಸಬೇಕು.

ಕೊಂಡ ಮೇಲೆ

ದೀಪವು ಮನೆಗೆ ಬಂದೊಡನೆ ಒಂದು ಪರೀಕ್ಷೆ ಮಾಡಬಹುದು. ಸೆಲ್ಲನ್ನು ಹಾಕದೆ, ಒಳಗೆ ಒಣಗಿದ ತೆಳು ಕಾಗದದ ತುಂಡನ್ನು ಇಟ್ಟು, ಮುಚ್ಚಳವನ್ನು ಬಿಗಿದು, ಬಕೆಟ್ಟಿನ ನೀರಿನಲ್ಲಿ ಒಂದು ರಾತ್ರಿ ಮುಳುಗಿಸಿಡಬೇಕು. ಕಾಗದವು ಒದ್ದೆಯಾಗಿದ್ದರೆ ದೀಪವನ್ನು ಹಿಂದಿರುಗಿಸುವುದೇ ಸರಿ. ಒದ್ದೆಯಾಗದಿದ್ದ ಮಾತ್ರಕ್ಕೆ ಆಳದಲ್ಲಿಯೂ ತಡೆಯುವುದೆಂದು ಸಿದ್ಧವಾಗುವುದಿಲ್ಲ. ಆದರೆ ಈ ಪರೀಕ್ಷೆಯು ನಿಷ್ಪ್ರಯೋಜಕವೂ ಅಲ್ಲ. ಏಕೆಂದರೆ ಆಳದಲ್ಲಿ ಒತ್ತಡವೇ ರಬ್ಬರಿನ ಬಳೆಯನ್ನು ಸಂದಿಗೆ ಅಮುಕಿ ಬಿಗಿಮಾಡುವುದು. ಸರಿಯಾಗಿ ಕೂಡದ ಬಳೆಯು ಎಷ್ಟೋ ವೇಳೆ ಮೇಲ್ಮಟ್ಟದ ನೀರಿನಲ್ಲಿಯೇ ಸೋರುವುದು.

ದೀಪಗಳು ಕೆಡುವುದು ಬಹುತೇಕ ಅಜಾಗರೂಕತೆಯಿಂದ. ಬಳೆಗೆ ಅಂಟಿದ ಒಂದು ತಲೆಗೂದಲು, ಒಂದು ಮರಳಿನ ಕಣ, ಇಷ್ಟೇ ಸಾಕು ನೀರಿಗೆ ದಾರಿಯಾಗಲು. ಕಡಲಿನಿಂದ ಬಂದೊಡನೆ ದೀಪವನ್ನು ಮುಚ್ಚಿದಂತೆಯೇ ಸಿಹಿನೀರಿನಲ್ಲಿ ನೆನೆಯಿಟ್ಟು ಉಪ್ಪನ್ನು ಕಳೆಯಬೇಕು. ಚೆನ್ನಾಗಿ ಒರಸಿ ಒಣಗಿಸಿದ ತರುವಾಯವೇ ತೆರೆಯಬೇಕು. ಬಳೆಯನ್ನು ಮೆತ್ತನೆಯ ಬಟ್ಟೆಯಿಂದ ಒರಸಿ, ತಯಾರಕನು ಹೇಳಿದ ಗ್ರೀಸನ್ನು ಹೊಳಪು ಬರುವಷ್ಟು ಮಾತ್ರ ಸವರಬೇಕು. ಹೆಚ್ಚು ಬಳಿದರೆ ಧೂಳು ಹಿಡಿಯುವುದು. ಅಡಿಗೆಯ ಎಣ್ಣೆ, ವ್ಯಾಸಲೀನುಗಳನ್ನು ಹಚ್ಚಬಾರದು; ಕೆಲವು ಜಾತಿಯ ರಬ್ಬರು ಅವುಗಳಿಂದ ಕೆಡುವುದು. ಹೆಚ್ಚು ಬೆಳಕಿನ ದೀಪವನ್ನು ಗಾಳಿಯಲ್ಲಿ ಬಹಳ ಹೊತ್ತು ಉರಿಸಬಾರದು. ಅದು ತಂಪಾಗುವುದು ಸುತ್ತಲಿನ ನೀರಿನಿಂದಲೇ. ಬಳಸದ ತಿಂಗಳುಗಳಲ್ಲಿ ಸೆಲ್ಲನ್ನು ತೆಗೆದಿಡಬೇಕು. ಒಳಗೆ ನೀರು ಹೊಕ್ಕ ದೀಪವನ್ನು ತೆರೆಯುವಾಗ ಮುಖವನ್ನು ದೂರವಿರಿಸಿ ಮೆಲ್ಲನೆ ತಿರುಗಿಸಬೇಕು. ಒಳಗೆ ಅನಿಲವು ಒತ್ತಿಕೊಂಡಿರುವುದುಂಟು.

ನೀರೊಳಗೆ ಮಾತಿಲ್ಲವಾದುದರಿಂದ ರಾತ್ರಿ ದೀಪವೇ ಮಾತು. ಬೆಳಕನ್ನು ನಿಧಾನವಾಗಿ ವೃತ್ತಾಕಾರವಾಗಿ ತಿರುಗಿಸಿದರೆ ಎಲ್ಲವೂ ಕ್ಷೇಮವೆಂದು ಅರ್ಥ. ಅತ್ತಿತ್ತ ವೇಗವಾಗಿ ಬೀಸಿದರೆ ಅಪಾಯವೆಂದು ಅರ್ಥ. ಜೊತೆಗಾರನ ಕಣ್ಣಿಗೆ ಬೆಳಕನ್ನು ಹಿಡಿಯುವುದೂ, ನಿದ್ರಿಸುವ ಮೀನು ಆಮೆಗಳನ್ನು ಬೆಳಕಿನಿಂದ ಕಾಡುವುದೂ ಸಲ್ಲದು.

ಒಟ್ಟಿನಲ್ಲಿ, ಅಂಗಡಿಗೆ ಹೋಗುವ ಮುನ್ನ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡರೆ ಸಾಕು: ೧೦೦ ಮೀಟರು ಆಳದ ಭರವಸೆ, ಎರಡು ರಬ್ಬರಿನ ಬಳೆ, ಕಿರಿದಾದ ಬೆಳಕು, ೧೦೦೦ ಲ್ಯುಮೆನ್ನಿಗೆ ಮೀರದ ಶಕ್ತಿ, ಒಂದೂವರೆ ಗಂಟೆಯ ಉರಿ, ಹೊರತೆಗೆಯಬಹುದಾದ ಸೆಲ್ಲು, ಮಣಿಕಟ್ಟಿಗೆ ದಾರ. ಬೆಳಕಿನ ಅಂಕೆಯಲ್ಲಿ ಉಳಿಸಿದ ಹಣದಿಂದ ಎರಡನೆಯ ದೀಪವನ್ನು ಕೊಳ್ಳಬೇಕು. ಮಗನೋ ಮಗಳೋ ಕತ್ತಲ ನೀರಿನಲ್ಲಿರುವಾಗ ದಡದಲ್ಲಿ ಕಾದಿರುವ ತಾಯಿತಂದೆಗಳಿಗೆ ಧೈರ್ಯ ಕೊಡುವುದು ಆ ಎರಡನೆಯ ದೀಪವೇ.